ಸೋತ ಪ್ರಯೋಗಗಳ ಲೆಕ್ಕ

ಕೇಳುಗರೆ, ನಮಸ್ಕಾರ.

1909ರ ನವೆಂಬರಿನಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿಯ ಆಲ್ವಿನ್ ಮಿಟಾಶ್ ಅವರ ತಂಡ, ಸ್ವೀಡನ್ನಿನ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರನ್ನು ಒತ್ತಡದ ಕೊಳವೆಯೊಳಗಿಟ್ಟು ಸಾರಜನಕವನ್ನೂ ಜಲಜನಕವನ್ನೂ ಹಾಯಿಸಿದಾಗ, ಎಣಿಸಿದ್ದಕ್ಕಿಂತ ಹೆಚ್ಚು ಅಮೋನಿಯ ದೊರೆಯಿತು. ಶುದ್ಧ ಕಬ್ಬಿಣಕ್ಕೆ ಈ ಶಕ್ತಿ ಇರಲಿಲ್ಲ. ಅದಿರಿನಲ್ಲಿ ಬೆರೆತಿದ್ದ ಕಲ್ಮಶವೇ ಕಬ್ಬಿಣವನ್ನು ಒಳ್ಳೆಯ ವೇಗವರ್ಧಕವನ್ನಾಗಿ, ಎಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪದಾರ್ಥವನ್ನಾಗಿ, ಮಾಡಿತ್ತು. ಯಾವ ಕಲ್ಮಶ, ಎಷ್ಟು ಪ್ರಮಾಣ ಎಂಬುದನ್ನು ಹುಡುಕುತ್ತ, ಸಣ್ಣ ಕೊಳವೆಗಳನ್ನು ಸಾಲಾಗಿ ಜೋಡಿಸಿಕೊಂಡು, 1912ರ ಆರಂಭದ ಹೊತ್ತಿಗೆ ಅವರು ಸುಮಾರು 2,500 ಪದಾರ್ಥಗಳ ಮೇಲೆ 6,500ರಷ್ಟು ಪರೀಕ್ಷೆಗಳನ್ನು ನಡೆಸಿದ್ದರು. ಅಲ್ಯೂಮಿನ, ಪೊಟ್ಯಾಶ್‌ಗಳನ್ನು ಬೆರೆಸಿದ ಕಬ್ಬಿಣ ಹೀಗೆ ದೊರೆಯಿತು. ಇಂದಿನ ರಸಗೊಬ್ಬರ ಕಾರ್ಖಾನೆಗಳಲ್ಲಿ ಬಳಕೆಯಲ್ಲಿರುವುದು ಹೆಚ್ಚಾಗಿ ಅದರ ಸಂತತಿಯೇ.

ಅಂದು ಕೈಯಿಂದ ನಡೆದ ಕೆಲಸವನ್ನು ಇಂದು ಯಂತ್ರಗಳು ಮಾಡುತ್ತಿವೆ. ಜಪಾನಿನ ಇಶಿಕಾವಾ ಪ್ರಾಂತದಲ್ಲಿರುವ ಜೈಸ್ಟ್ ಎಂಬ ಉನ್ನತ ವಿಜ್ಞಾನ ಸಂಸ್ಥೆಯಲ್ಲಿ ತೊಶಿಯಾಕಿ ತನಿಕೆ ಅವರ ಗುಂಪು ಕಟ್ಟಿದ ಉಪಕರಣವು ಒಮ್ಮೆಗೆ 20 ವೇಗವರ್ಧಕಗಳನ್ನು, ತಾಪ, ಅನಿಲದ ಹರಿವು, ಮಿಥೇನ್ ಮತ್ತು ಆಮ್ಲಜನಕದ ಪ್ರಮಾಣಗಳನ್ನು ತಾನೇ ಬದಲಿಸುತ್ತ, 216 ಸ್ಥಿತಿಗಳಲ್ಲಿ ಪರೀಕ್ಷಿಸುತ್ತದೆ. 2020ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ಮೂರೇ ಸರದಿಗಳಿಂದ 59 ವೇಗವರ್ಧಕಗಳ ಬಗ್ಗೆ 12,708 ಅಳತೆಗಳು ಕೂಡಿಬಂದವು.

ಅವರು ಆರಿಸಿಕೊಂಡ ಕ್ರಿಯೆಯೂ ಕಠಿಣವಾದದ್ದು. ಮಿಥೇನನ್ನು ಆಮ್ಲಜನಕದ ನೆರವಿನಿಂದ ನೇರವಾಗಿ, ಪ್ಲಾಸ್ಟಿಕ್ಕಿನ ಮೂಲವಸ್ತುವಾದ ಎಥಿಲೀನ್ ಮಾಡಬೇಕು. ಆದರೆ ಹುಟ್ಟಿದ ಎಥಿಲೀನು ಮಿಥೇನಿಗಿಂತಲೂ ಸುಲಭವಾಗಿ ಉರಿದು ಇಂಗಾಲದ ಡೈಆಕ್ಸೈಡ್ ಆಗಿಬಿಡುತ್ತದೆ. 1980ರ ದಶಕದಿಂದ ಇದರ ಮೇಲೆ ಪ್ರಬಂಧಗಳು ರಾಶಿಯಾಗಿ ಬಂದಿದ್ದರೂ, ಒಂದೊಂದು ಪ್ರಯೋಗಾಲಯ ಒಂದೊಂದು ತಾಪದಲ್ಲಿ ಅಳೆದಿದೆ, ಮತ್ತು ಯಾರೂ ಸೋತ ಮಿಶ್ರಣವನ್ನು ಅಚ್ಚು ಹಾಕಿಸಲು ಮುಂದಾಗುವುದಿಲ್ಲ. ಗೆದ್ದವನ್ನಷ್ಟೇ ಓದಿದ ಗಣಕಕ್ಕೆ ಸೋಲಿನ ಗುರುತು ಸಿಗುವುದಾದರೂ ಹೇಗೆ?

ಆದ್ದರಿಂದಲೇ ಆ ಗುಂಪಿನ ಮುಂದಿನ ಹೆಜ್ಜೆ ನನಗೆ ಯಂತ್ರದ ವೇಗಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. 36,540 ಸಾಧ್ಯ ಮಿಶ್ರಣಗಳಲ್ಲಿ 300ನ್ನು, ಯಾವ ಪೂರ್ವಗ್ರಹವೂ ಇಲ್ಲದೆ, ಚೀಟಿ ಎತ್ತಿದಂತೆ ಆರಿಸಿ ಎಲ್ಲವನ್ನೂ ಒಂದೇ ರೀತಿಯಲ್ಲಿ ಅಳೆದರು. ವೇಗವರ್ಧಕವಿಲ್ಲದ ಖಾಲಿ ಕೊಳವೆಗಿಂತ ಸ್ಪಷ್ಟವಾಗಿ ಮೇಲೆನಿಸಿದವು 51 ಮಾತ್ರ. ಉಳಿದ 249 ವ್ಯರ್ಥವಾಗಲಿಲ್ಲ: ಯಾವ ಧಾತುಗಳು ಕೂಡಿದರೆ ಫಲ, ಯಾವುವು ಕೂಡಿದರೆ ಬರಿಗೈ ಎಂದು ಕವಲೊಡೆಯುವ ನಿರ್ಣಯವೃಕ್ಷವನ್ನು ಗಣಕವು ಕಟ್ಟಿದ್ದು ಈ ಎರಡು ಗುಂಪುಗಳನ್ನೂ ಒಟ್ಟಿಗೆ ನೋಡಿ.

ಇಷ್ಟಾದರೂ ಆ ಕೊಳವೆಗಳು ಹೇಳುವುದು ಕೆಲವು ಗಂಟೆಗಳ ಕಥೆಯನ್ನು. ಅಮೋನಿಯ ಕಾರ್ಖಾನೆಯಲ್ಲಿ ಒಮ್ಮೆ ತುಂಬಿದ ಕಬ್ಬಿಣದ ವೇಗವರ್ಧಕ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ದುಡಿಯುತ್ತದೆ. ಅಂಥ ಬಾಳಿಕೆಯ ಅಳತೆಯನ್ನು ಎಷ್ಟೇ ಕೊಳವೆಗಳನ್ನು ಸಾಲಾಗಿಟ್ಟರೂ ಒಂದು ದಿನದಲ್ಲಿ ಪಡೆಯಲಾಗದು.