ಏಪ್ ಕೇವ್: ಸೈಕಲ್ ತುಳಿದು ಲಾವಾ ಗುಹೆಯೊಳಕ್ಕೆ

[ದೃಶ್ಯ: ಎತ್ತರದ ಮರಗಳ ನಡುವೆ ಏರುತ್ತಿರುವ ರಸ್ತೆ]

ಅಮೆರಿಕದ ವಾಷಿಂಗ್ಟನ್ ರಾಜ್ಯ, ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ದಕ್ಷಿಣ ಮಗ್ಗುಲು. ಕೂಗರ್ ಊರಿಂದ ಏಪ್ ಕೇವ್‌ಗೆ ಸುಮಾರು 16 ಕಿ.ಮೀ. 83ನೇ ನಂಬರಿನ ಅರಣ್ಯ ರಸ್ತೆಗೆ ತಿರುಗಿದ ಮೇಲೆ ಏರು ಶುರು. ಅಲ್ಲಿ ಗೇರ್ ಇಳಿಸಿ, ನಿಧಾನವಾಗಿ ತುಳಿಯಿರಿ. ಯಾಕಂದ್ರೆ ಗುಹೆಯೊಳಗೆ ವರ್ಷವಿಡೀ 5-6 ಡಿಗ್ರಿ ಸೆಲ್ಸಿಯಸ್. ಬೆವರಲ್ಲಿ ನೆಂದ ಕಾಟನ್ ಬನಿಯನ್‌ನಲ್ಲಿ ಒಳಗಿಳಿದರೆ ಹತ್ತೇ ನಿಮಿಷಕ್ಕೆ ನಡುಕ. ಬ್ಯಾಗ್‌ನಲ್ಲಿ ಒಣ ಬನಿಯನ್, ಉಣ್ಣೆ ಸ್ವೆಟರ್ ಇರಲಿ. ಬಟ್ಟೆ ಬದಲಿಸಿ, ತಿಂಡಿಯನ್ನೂ ಹೊರಗೇ ಮುಗಿಸಿ; ಗುಹೆಯೊಳಗೆ ತಿನ್ನುವಂತಿಲ್ಲ.

[ದೃಶ್ಯ: ಗುಹೆಯ ಬಾಯಿ, ಇಳಿಯುವ ಮೆಟ್ಟಿಲು]

ಸುಮಾರು 2000 ವರ್ಷದ ಹಿಂದೆ ತೆಳುವಾದ ಬಸಾಲ್ಟ್ ಲಾವಾ ಇಲ್ಲಿ ಹರಿಯಿತು. ಮೇಲ್ಪದರ ಆರಿ ಗಟ್ಟಿಯಾಯಿತು, ಒಳಗಿನದು ಹರಿದು ಬರಿದಾಯಿತು. ಉಳಿದದ್ದು ಸುಮಾರು 4 ಕಿ.ಮೀ. ಕೊಳವೆ. ಈ ಪರ್ವತ ಸಾಮಾನ್ಯವಾಗಿ ಕಕ್ಕುವುದು ಮಂದ ಲಾವಾ. ಇಂಥ ನೀರುನೀರಾದದ್ದು ಅಪರೂಪ.

ಕೆಳಗಿನ ಭಾಗ ಹೋಗುವುದಕ್ಕೆ ಮಾತ್ರ 1.2 ಕಿ.ಮೀ., ನೆಲ ಹೆಚ್ಚುಕಮ್ಮಿ ಸಮ. ಮೇಲಿನ ಭಾಗ 2.4 ಕಿ.ಮೀ. ಅಷ್ಟೇ, ಆದರೆ ಕುಸಿದ ಬಂಡೆಗಳ ರಾಶಿ ಹತ್ತಿಳಿಯುತ್ತಾ ಎರಡೂವರೆ ಗಂಟೆ ಬೇಕು. ಸೈಕಲ್ ತುಳಿದು ತೊಡೆ ಬಿಗಿದಿದ್ದರೆ ಕೆಳಗಿನದೇ ಸಾಕು. ಇದರಲ್ಲಿ ನಾಚಿಕೆ ಏನಿಲ್ಲ.

[ದೃಶ್ಯ: ಹತ್ತಿರದಿಂದ, ಲಾವಾ ಜಲಪಾತ]

ಮೇಲಿನ ಭಾಗದಲ್ಲಿ 8 ಅಡಿಯ ಗೋಡೆ. ಲಾವಾ ಧುಮುಕುತ್ತಲೇ ಗಟ್ಟಿಯಾದದ್ದು. ಜನ ಹತ್ತಿ ಹತ್ತಿ ನುಣುಪಾಗಿದೆ, ಕಾಲಿಡಲು ಸಿಗುವುದು ಒಂದು ಸಣ್ಣ ತಗ್ಗು. ಕ್ಲೀಟ್ (ಪೆಡಲ್‌ಗೆ ಸಿಕ್ಕಿಸುವ ಗಟ್ಟಿ ತುಂಡು) ಇರುವ ಸೈಕ್ಲಿಂಗ್ ಶೂ ಇಲ್ಲಿ ಜಾರುತ್ತದೆ, ಟ್ರೆಕ್ಕಿಂಗ್ ಶೂ ಬೇಕೇ ಬೇಕು. ಬೆರಳು ತೆರೆದ ಗ್ಲೌಸೂ ಬೇಡ. ಉಳಿದೆಡೆಯ ಒರಟು ಬಸಾಲ್ಟ್ ಕಲ್ಲು ಬೆರಳ ತುದಿ ತರಚುತ್ತದೆ.

ಒಬ್ಬೊಬ್ಬರಿಗೂ ಎರಡೆರಡು ದೀಪ. ಹ್ಯಾಂಡಲ್ ಲೈಟ್ ಬಿಚ್ಚಿ ತಂದರೆ ಸಾಲದು, ಅದರ ಬೆಳಕು ಕಿರಿದು. ಹಣೆಯ ಹೆಡ್‌ಲ್ಯಾಂಪ್ ಮಾತ್ರವಿದ್ದರೆ ನಿಮ್ಮದೇ ಉಸಿರಿನ ಹಬೆ ಕಣ್ಣೆದುರು ಬೆಳಗುತ್ತದೆ. ಇನ್ನೊಂದನ್ನು ಸೊಂಟದ ಮಟ್ಟದಲ್ಲಿ ಹಿಡಿಯಿರಿ. ಕಲ್ಲಿನ ನೆರಳು ಬಿದ್ದು ತಗ್ಗು ಎಷ್ಟು ಆಳ ಅಂತ ಗೊತ್ತಾಗುತ್ತದೆ.

ಗೋಡೆ ಮೇಲಿನ ಲೋಳೆ ಮುಟ್ಟಬೇಡಿ, ಅದು ಜೀವಂತ ಸೂಕ್ಷ್ಮಾಣುಗಳ ಪದರ. ಬೇರೆ ಗುಹೆಗೆ ಹಾಕಿದ್ದ ಬಟ್ಟೆ, ಶೂ ಇಲ್ಲಿಗೆ ತರಬೇಡಿ. ಬಾವಲಿಗಳನ್ನು ಕೊಲ್ಲುವ ಶಿಲೀಂಧ್ರ ಆ ಬಟ್ಟೆ, ಶೂಗಳಲ್ಲೂ ಸಾಗಿಬರಬಹುದು.

[ದೃಶ್ಯ: ಮೇಲಿನಿಂದ ಬೀಳುವ ಬೆಳಕಿನ ಕಂಬ]

ಮೇಲಿನ ಭಾಗದ ಕೊನೆಗೆ ಚಾವಣಿಯಲ್ಲಿ ತೂತು ಕಾಣುತ್ತದೆ. ಬಾಗಿಲು ಅದಲ್ಲ! ಕಬ್ಬಿಣದ ಏಣಿ ಇನ್ನೂ ಮುಂದಿದೆ. ಹತ್ತಿ ಹೊರಬಂದರೆ ಸೈಕಲ್ ನಿಲ್ಲಿಸಿದ ಜಾಗಕ್ಕೆ ಕಾಡುಹಾದಿಯಲ್ಲಿ 2 ಕಿ.ಮೀ. ನಡಿಗೆ. ಅಲ್ಲಿಂದ ಊರಿನ ಕಡೆ ಇಳಿಜಾರು, ಗಾಳಿ ಮುಖಕ್ಕೆ ಹೊಡೆಯುತ್ತದೆ. ಸ್ವೆಟರ್ ಆಗಲೇ ಬಿಚ್ಚಬೇಡಿ.