ಒಥೆಲೊನ ಕಿವಿಗೆ ಬಿದ್ದ ಮಾತು

ಕೇಳುಗರಿಗೆ ನಮಸ್ಕಾರ.

ಶೇಕ್ಸ್‌ಪಿಯರನ ‘ಒಥೆಲೊ’ ನಾಟಕದಲ್ಲಿ ಹೆಂಡತಿ ದಾರಿ ತಪ್ಪಿದಳು ಅನ್ನೋದಕ್ಕೆ ನಿಜವಾದ ಸಾಕ್ಷಿ ಒಂದೂ ಇಲ್ಲ. ಆದರೂ ಗಂಡ ಅವಳನ್ನು ಹಾಸಿಗೆಯಲ್ಲೇ ಉಸಿರುಗಟ್ಟಿಸಿ ಕೊಲ್ಲುತ್ತಾನೆ. ಲಂಡನ್ನಿನ ವೈಟ್‌ಹಾಲ್ ಅರಮನೆಯಲ್ಲಿ 1604ರ ನವೆಂಬರ್ 1ರಂದು ಈ ನಾಟಕ ಆಡಿದ ದಾಖಲೆಯಿದೆ. ಅಂದಿನಿಂದ ಪ್ರೇಕ್ಷಕರು ಕೇಳುತ್ತಲೇ ಬಂದಿದ್ದಾರೆ: ಇಷ್ಟು ಬೇಗ ಅವನು ನಂಬಿದ್ದಾದರೂ ಹೇಗೆ?

ಒಥೆಲೊ ವೆನಿಸ್ಸಿನ ಸೇನಾಪತಿ, ಮೂರ್ ಜನಾಂಗದವನು, ಅಂದರೆ ಆಫ್ರಿಕಾ ಮೂಲದವನು. ಡೆಸ್ಡಿಮೋನಾ ಅಲ್ಲಿನ ದೊಡ್ಡ ಮನೆತನದ ಹುಡುಗಿ. ಅಪ್ಪನಿಗೆ ಹೇಳದೆ ಅವನನ್ನು ಮದುವೆಯಾದವಳು. ಇಯಾಗೊ ಅವನ ಕೈಕೆಳಗಿನ ಸೈನಿಕ. ತನಗೆ ಸಿಗಬೇಕಿದ್ದ ಬಡ್ತಿ ಕ್ಯಾಸಿಯೊ ಎಂಬ ಇನ್ನೊಬ್ಬ ಸೈನಿಕನಿಗೆ ಹೋಯಿತು ಅಂತ ಅವನಿಗೆ ಉರಿ. ಜೊತೆಗೆ ತನ್ನ ಹೆಂಡತಿ ಎಮಿಲಿಯಾ ಮೇಲೆ ಒಥೆಲೊನ ಕಣ್ಣಿದೆ ಅನ್ನೋ ಗುಮಾನಿ ಬೇರೆ. ನೋಡಿ, ಈ ನಾಟಕದಲ್ಲಿ ಮೊದಲು ಹೊಟ್ಟೆಕಿಚ್ಚು ಹತ್ತಿದ್ದು ಒಥೆಲೊಗಲ್ಲ.

ಮೂರನೇ ಅಂಕದ ಮೂರನೇ ದೃಶ್ಯವನ್ನು ನಿಧಾನವಾಗಿ ಓದಬೇಕು. ಇಯಾಗೊ ಅಲ್ಲಿ ಮೊದಮೊದಲು ಆರೋಪವನ್ನೇ ಮಾಡುವುದಿಲ್ಲ. ನೀವು ಡೆಸ್ಡಿಮೋನಾಳನ್ನು ಪ್ರೀತಿಸುತ್ತಿದ್ದದ್ದು ಕ್ಯಾಸಿಯೊಗೆ ಗೊತ್ತಿತ್ತಾ ಅಂತ ಕೇಳುತ್ತಾನೆ. ಗೊತ್ತಿತ್ತು, ಯಾಕೆ? ಏನಿಲ್ಲ, ಸುಮ್ನೆ ಕೇಳಿದೆ. ನಮ್ಮಿಬ್ಬರ ನಡುವೆ ಓಡಾಡುತ್ತಿದ್ದವನೇ ಅವನು. ಹೌದಾ? ಹೌದು, ಅವನು ಪ್ರಾಮಾಣಿಕ ಅಲ್ವಾ? ಪ್ರಾಮಾಣಿಕನಾ, ಸ್ವಾಮಿ? ಅಷ್ಟೇ. ಒಥೆಲೊ ಆಡಿದ ಮಾತನ್ನೇ ತಿರುಗಿಸಿ ಕೊಡುತ್ತಾನೆ. ನಡುವೆ ಬಿಟ್ಟ ಜಾಗವನ್ನೆಲ್ಲ ಒಥೆಲೊ ತಾನೇ ತುಂಬಿಕೊಳ್ಳುತ್ತಾನೆ. ಸಾಲದ್ದಕ್ಕೆ, ಅಸೂಯೆಯ ಬಗ್ಗೆ ಎಚ್ಚರ ಸ್ವಾಮಿ, ಅಂತ ಬುದ್ಧಿ ಹೇಳುವವನೂ ಇಯಾಗೊನೇ! ನನಗಂತೂ ಇದು ಬಾನುಲಿಗೆ ಹೇಳಿ ಮಾಡಿಸಿದ ದೃಶ್ಯ. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಏನೂ ನಡೆಯುವುದಿಲ್ಲ.

ಕಾಣುವ ವಸ್ತು ಅಂದರೆ ಒಂದು ಕರವಸ್ತ್ರ. ಸ್ಟ್ರಾಬೆರಿ ಹಣ್ಣಿನ ಕಸೂತಿ ಇರುವಂಥದ್ದು, ಒಥೆಲೊ ಹೆಂಡತಿಗೆ ಕೊಟ್ಟ ಮೊದಲ ಉಡುಗೊರೆ. ಕೆಳಗೆ ಬಿದ್ದದ್ದನ್ನು ಎಮಿಲಿಯಾ ಎತ್ತಿ ಗಂಡನಿಗೆ ಕೊಡುತ್ತಾಳೆ. ಅವನು ಅದನ್ನು ಕ್ಯಾಸಿಯೊನ ಕೋಣೆಯಲ್ಲಿ ಬೀಳಿಸುತ್ತಾನೆ. ಒಂದು ಕರವಸ್ತ್ರಕ್ಕೆ ಇಷ್ಟು ರಾದ್ಧಾಂತವೇ ಅಂತ ಥಾಮಸ್ ರೈಮರ್ ಎಂಬ ವಿಮರ್ಶಕ 1693ರಲ್ಲೇ ಗೇಲಿ ಮಾಡಿದ್ದ. ಗೇಲಿ ಚೆನ್ನಾಗಿದೆ, ಆದರೆ ಸರಿಯಿಲ್ಲ. ಮನಸ್ಸು ಕೆಟ್ಟ ಮೇಲೆ ಚೂರು ಬಟ್ಟೆಯೇ ಜಾಸ್ತಿ.

ಮುಂದೆ ಒಥೆಲೊ ಮರೆಯಲ್ಲಿ ನಿಂತು ಕ್ಯಾಸಿಯೊ ನಗುವುದನ್ನು ನೋಡುತ್ತಾನೆ. ಕ್ಯಾಸಿಯೊ ನಗುತ್ತಿರುವುದು ಬಿಯಾಂಕಾ ಎಂಬ ಬೇರೊಬ್ಬಳ ವಿಷಯಕ್ಕೆ. ಮಾತು ಸರಿಯಾಗಿ ಕೇಳಿಸದ ಒಥೆಲೊ, ನಗು ತನ್ನ ಹೆಂಡತಿಯ ಮೇಲೆಯೇ ಅಂದುಕೊಳ್ಳುತ್ತಾನೆ. ಕ್ಯಾಸಿಯೊನನ್ನು ಎದುರಿಗೆ ಕೂರಿಸಿ ಒಂದು ಪ್ರಶ್ನೆ ಕೇಳಿದ್ದರೆ ನಾಟಕ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವುದಿಲ್ಲ. ಹೆಂಡತಿಯನ್ನು ಕೇಳುತ್ತಾನೆ, ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡು.

ಇದನ್ನೆಲ್ಲ ಮೊದಲೇ ಕಂಡವಳು ಎಮಿಲಿಯಾ. ಸಂಶಯ ಪಡುವವರಿಗೆ ಕಾರಣ ಬೇಕಿಲ್ಲ, ಅದು ತಾನೇ ಹುಟ್ಟಿ ತಾನೇ ಬೆಳೆಯುತ್ತೆ ಅನ್ನುವ ಮಾತು ಅವಳದು. ಡೆಸ್ಡಿಮೋನಾ ಸತ್ತ ಮೇಲೆ, ಗಂಡ ಬಾಯಿಮುಚ್ಚು ಅಂದರೂ ಕೇಳದೆ, ಕರವಸ್ತ್ರ ಕೊಟ್ಟವಳು ನಾನೇ ಅನ್ನುತ್ತಾಳೆ. ಎಷ್ಟೋ ದೃಶ್ಯಗಳಲ್ಲಿ ಕಟ್ಟಿದ ಸುಳ್ಳು ಆ ಒಂದೇ ಮಾತಿಗೆ ಬಿದ್ದುಹೋಗುತ್ತದೆ. ಇಯಾಗೊ ಅವಳನ್ನೂ ಇರಿದು ಕೊಲ್ಲುತ್ತಾನೆ. ನನ್ನ ಮಟ್ಟಿಗೆ ಈ ನಾಟಕದಲ್ಲಿ ನಿಜವಾದ ಧೈರ್ಯ ಇದ್ದದ್ದು ಸೇನಾಪತಿಗಲ್ಲ, ಅವಳಿಗೆ.

ನಮಸ್ಕಾರ.