ಮನೆ ಹೊತ್ತ ಬಸ್ಸಿಗೆ ಕಾರಿನ ಲೈಸೆನ್ಸ್ ಸಾಲದು

ನಮಸ್ಕಾರ. ಗಂಗಾವತಿಯಿಂದ ಮಾತನಾಡುತ್ತಿದ್ದೇನೆ. ನನ್ನ ಕೈಯಲ್ಲಿ ಒಂದು ಚೀಟಿ ಇದೆ. ಅಕ್ಕಿ ಗಿರಣಿಯ ಕಾಟಾದ ಮೇಲೆ ಲಾರಿ ನಿಲ್ಲಿಸಿ ತೂಗಿಸಿದಾಗ ಕೊಡುತ್ತಾರಲ್ಲ, ಅದೇ ಚೀಟಿ. ನಮ್ಮ ಊರಿನಲ್ಲಿ ಇಂಥ ಚೀಟಿಗಳ ಮೇಲೆ ಭತ್ತ, ಅಕ್ಕಿ, ತವುಡು ಎಂದು ಬರೆದಿರುತ್ತದೆ. ಈ ಚೀಟಿಯಲ್ಲಿ ಸರಕಿನ ಜಾಗದಲ್ಲಿ ಕಾಟಾದ ಹುಡುಗ ‘ಮನೆ’ ಎಂದು ಬರೆದಿದ್ದಾನೆ. ತೂಕ 7860 ಕೆ.ಜಿ.

ಸಂಗತಿ ಹೀಗಿದೆ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಪ್ರೌಢಶಾಲೆಯ ಮೇಷ್ಟ್ರಾಗಿದ್ದು ಕಳೆದ ವರ್ಷ ನಿವೃತ್ತರಾದರು. ಅವರ ತಾಯಿಗೆ ಮಂಡಿನೋವು. ಪದೇ ಪದೇ ಬಸ್ಸಿನ ಮೆಟ್ಟಿಲು ಹತ್ತಿ ಇಳಿಯಲಾಗದು, ಲಾಡ್ಜಿನಲ್ಲಿ ಮಲಗಲು ಮನಸ್ಸಿಲ್ಲ. ಆದರೆ ಪಂಢರಪುರ ನೋಡಬೇಕು, ಶ್ರೀಶೈಲ ನೋಡಬೇಕು ಎಂಬ ಆಸೆ ಮಾತ್ರ ದಿನದಿನಕ್ಕೂ ಹೆಚ್ಚುತ್ತಿದೆ. ಹೀಗಿರುವಾಗ ಒಬ್ಬರು ಹಳೆಯ ಬಸ್ಸೊಂದನ್ನು ತೋರಿಸಿದರು. ಒಳಗೆ ಮಂಚ, ಗ್ಯಾಸ್ ಒಲೆ, ಪುಟ್ಟ ಬಚ್ಚಲು, ಮೇಲೆ ನೀರಿನ ಟ್ಯಾಂಕ್. ಅಜ್ಜಿ ಒಳಗೆ ಹೋಗಿ ಮಂಚದ ಮೇಲೆ ಕುಳಿತು, ಕಿಟಕಿಯ ಪರದೆ ಸರಿಸಿ ಹೊರಗೆ ನೋಡಿದರು. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ ಆಗಿತ್ತು.

ನಾನು ಒಂದೇ ಪ್ರಶ್ನೆ ಕೇಳಿದೆ: “ಭಾವ, ಇದನ್ನು ಓಡಿಸುವವರು ಯಾರು?”

“ನಾನೇ. ಮೂವತ್ತು ವರ್ಷದಿಂದ ಲೈಸೆನ್ಸ್ ಇದೆ.”

ಮಾರುವವರೂ ದನಿಗೂಡಿಸಿದರು. “ಬಿಳಿ ಬೋರ್ಡ್ ಗಾಡಿ, ಮನೆಯ ಬಳಕೆಗೆ. ಬಾಡಿಗೆಗೆ ಬಿಡುವುದಿಲ್ಲವಲ್ಲ, ಕಾರಿನ ಲೈಸೆನ್ಸ್ ಧಾರಾಳವಾಗಿ ಸಾಕು” ಎಂದರು.

ಇದೇ ಮಾತನ್ನು ನಾನು ಕೊಪ್ಪಳದಲ್ಲಿ ಕೇಳಿದ್ದೇನೆ, ಹೊಸಪೇಟೆಯಲ್ಲಿ ಕೇಳಿದ್ದೇನೆ, ಸಾಣಾಪುರ ಕೆರೆಯ ಹತ್ತಿರ ಗಾಡಿ ನಿಲ್ಲಿಸಿ ಅಡುಗೆ ಮಾಡಿಕೊಳ್ಳುತ್ತಿದ್ದ ಪ್ರವಾಸಿಗರಿಂದಲೂ ಕೇಳಿದ್ದೇನೆ. ಮಾತು ತಪ್ಪು. ಬೋರ್ಡಿನ ಬಣ್ಣ ಗಾಡಿಯನ್ನು ಯಾವುದಕ್ಕೆ ಬಳಸುತ್ತೀರಿ ಎಂಬುದನ್ನು ಹೇಳುತ್ತದೆಯೇ ಹೊರತು ಅದು ಎಷ್ಟು ಭಾರ ಎಂದು ಹೇಳುವುದಿಲ್ಲ. ಕಾರಿನ ಲೈಸೆನ್ಸಿನ ಗಡಿಯನ್ನು ಕಾಯ್ದೆ ತೂಕದ ಮೇಲೆ ಕಟ್ಟಿದೆ.

1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್ನಿನ 21ನೇ ಉಪವಿಧಿ ತೆಗೆದು ನೋಡಿ. ಲಘು ಮೋಟಾರು ವಾಹನ, ನಾವೆಲ್ಲ ಎಲ್‌ಎಂವಿ ಎನ್ನುವುದು, ಕಾರಿನ ಲೈಸೆನ್ಸ್ ಸಿಗುವ ವರ್ಗ, ಅದರ ಗಡಿ 7500 ಕೆ.ಜಿ. ಇದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ್ದು ಯಾವ ತೂಕ ಎಂಬುದು. ಸಾರಿಗೆ ವಾಹನವಾದರೆ, ಅಂದರೆ ಮುಖ್ಯವಾಗಿ ಸರಕನ್ನೋ ಬಾಡಿಗೆಗೆ ಜನರನ್ನೋ ಒಯ್ಯುವ ಗಾಡಿಯಾದರೆ, ಅಥವಾ ಆಮ್ನಿಬಸ್ ಆದರೆ ಒಟ್ಟು ತೂಕ ಹಿಡಿಯಬೇಕು, ಅಂದರೆ ಜನ, ಸರಕು ಎಲ್ಲ ತುಂಬಿದಾಗ ಎಷ್ಟಾಗಬಹುದೋ ಅಷ್ಟು. ಮೋಟಾರು ಕಾರು ಆದರೆ ಖಾಲಿ ತೂಕ. ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು ಒಯ್ಯುವಂತೆ ಕಟ್ಟಿದ ಗಾಡಿ ಆಮ್ನಿಬಸ್. ಆರು ಅಥವಾ ಅದಕ್ಕಿಂತ ಕಡಿಮೆ ಸೀಟಿನ ಖಾಸಗಿ ಗಾಡಿ, ಕಾಯ್ದೆಯ ಭಾಷೆಯಲ್ಲಿ, ಎಷ್ಟೇ ಉದ್ದವಿದ್ದರೂ ಮೋಟಾರು ಕಾರಿನ ಸಾಲಿಗೇ ಬರುತ್ತದೆ. ಖಾಲಿ ಎಂದರೆ ಪೂರ್ತಿ ಬರಿದು ಎಂದೂ ಅಲ್ಲ. ಗಾಡಿ ಕೆಲಸ ಮಾಡುವಾಗ ಸಾಮಾನ್ಯವಾಗಿ ಅದರ ಜೊತೆಗೇ ಇರುವ ಸಲಕರಣೆಗಳ ತೂಕವೂ ಅದರಲ್ಲಿ ಸೇರುತ್ತದೆ. ಮಂಚವನ್ನು ಬೋಲ್ಟ್ ಹಾಕಿ ಕೂಡಿಸಿದ್ದರೆ ಅದು ಗಾಡಿಯ ತೂಕವೇ.

ಈಗ ಚೀಟಿಗೆ ಬನ್ನಿ. ಮುಂಗಡ ಕೊಡುವ ಮೊದಲು ಗಾಡಿಯನ್ನು ಕಾಟಾಕ್ಕೆ ತರಲೇಬೇಕು ಎಂದು ನಾನು ಹಟ ಹಿಡಿದೆ. ನೀರಿನ ಟ್ಯಾಂಕ್ ತುಂಬಿತ್ತು, 400 ಲೀಟರ್. ಒಳಗೆ ಒಬ್ಬರೂ ಇರಲಿಲ್ಲ. 7860 ಬಂತು. ಮಾರುವವರು ಕೂಡಲೇ ನೀರು ಬಿಟ್ಟುಬಿಡೋಣ ಎಂದರು. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ, 400 ಕಳೆದರೆ 7460. ಗೆರೆಯ ಒಳಗೇ ಬಂತಲ್ಲ ಎಂಬುದು ಅವರ ಲೆಕ್ಕ. ಭಾವನ ಮುಖವೂ ಅರಳಿತು.

ನಾನು ಗಾಡಿಯ ನೋಂದಣಿ ಪತ್ರ, ಆರ್‌ಸಿ, ಬಿಡಿಸಿ ತೋರಿಸಿದೆ. ಸೀಟುಗಳು 26. ಒಟ್ಟು ತೂಕ 9600 ಕೆ.ಜಿ. ಖಾಲಿ ತೂಕ 5900. ಒಳಗಿನ ಸೀಟುಗಳನ್ನೆಲ್ಲ ಕಿತ್ತು ಮನೆ ಮಾಡಿದ್ದಾರೆ, ಆದರೆ ಕಾಗದದಲ್ಲಿ ಅದು ಇನ್ನೂ 26 ಸೀಟಿನ ಬಸ್ಸೇ. ಬಸ್ಸಾದ ಮೇಲೆ ಒಟ್ಟು ತೂಕವೇ ಲೆಕ್ಕ. ನೀರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ, ಭಾವನ ಲೈಸೆನ್ಸ್ ಆ ಗಾಡಿಗೆ ಹೊಂದುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ ಎಂದು ಇದೇ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಗಟ್ಟಿಯಾಗಿ ಹೇಳಿದೆ. ಇಂಥ ಮನೆಗಾಡಿಗಳಿಗೆಂದೇ ಎಐಎಸ್ 124 ಎಂಬ ಮಾನದಂಡವಿದೆ. ಅದರ ಪ್ರಕಾರ ಕಟ್ಟಿ, ಒಪ್ಪಿಗೆ ಪಡೆದು, ಕ್ಯಾಂಪರ್ ವ್ಯಾನ್ ಎಂದೇ ನೋಂದಣಿಯಾದ ಗಾಡಿ ಬೇರೆ. ಗ್ಯಾರೇಜಿನಲ್ಲಿ ಪ್ಲೈವುಡ್ ಹೊಡೆದು, ಕಾಗದ ಹಾಗೆಯೇ ಬಿಟ್ಟದ್ದು ಬೇರೆ.

ಇಲ್ಲಿ ನಿಮ್ಮಲ್ಲಿ ಕೆಲವರು ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪನ್ನು ನೆನಪಿಸುತ್ತೀರಿ. ಹೌದು. ಎಲ್‌ಎಂವಿ ಲೈಸೆನ್ಸ್ ಇದ್ದವರು 7500 ಕೆ.ಜಿ.ವರೆಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ತೀರ್ಪಾಯಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ನಾನು ಆ ತೀರ್ಪನ್ನು ಮನಸಾರೆ ಒಪ್ಪುತ್ತೇನೆ. ತರಕಾರಿ ಗಾಡಿ, ಹಾಲಿನ ಗಾಡಿ ಓಡಿಸಿ ಹೊಟ್ಟೆ ಹೊರೆಯುವ ನಮ್ಮ ಹುಡುಗರು ಅಪಘಾತವಾದಾಗಲೆಲ್ಲ ವಿಮಾ ಕಂಪನಿಯ ತಕರಾರಿಗೆ ಸಿಕ್ಕಿ ಒದ್ದಾಡುತ್ತಿದ್ದರು. ಆ ತೀರ್ಪು ಅವರ ತಲೆಯ ಮೇಲಿನ ಭಾರ ಇಳಿಸಿತು. ಆದರೆ ದಿನಕ್ಕೆ ಹತ್ತು ತಾಸು ಸ್ಟಿಯರಿಂಗ್ ಹಿಡಿದವರ ಕೈ ಬೇರೆ. ವರ್ಷಕ್ಕೆ ಎರಡು ಸಲ ಯಾತ್ರೆಗೆ ಹೊರಡುವ ನಮ್ಮಂಥವರ ಕೈ ಬೇರೆ. ನಾವು ಪರೀಕ್ಷೆ ಕೊಟ್ಟದ್ದು ಚಿಕ್ಕ ಕಾರಿನಲ್ಲಿ. ಆ ಕಾರಿನ ಲೈಸೆನ್ಸ್ ಹಿಡಿದು, ಹಿಂದೆ ಅಜ್ಜಿಯನ್ನು ಮಲಗಿಸಿಕೊಂಡು, ಏಳು ಟನ್ ಗಾಡಿಯನ್ನು ನೇರವಾಗಿ ಹೆದ್ದಾರಿಗೆ ಇಳಿಸುವ ಅವಕಾಶ ಕಾನೂನು ಕೊಟ್ಟರೂ ನಾವು ಅದನ್ನು ಬಳಸಿಕೊಳ್ಳಬಾರದು.

ಇದನ್ನು ನಾನು ನನ್ನ ಕೈಯಿಂದಲೇ ಕಲಿತೆ. ನನ್ನ ಸೋದರಮಾವ ಲಾರಿ ಚಾಲಕರು. ನಮ್ಮ ಊರಿನ ಅಕ್ಕಿಯನ್ನು ಹೊರರಾಜ್ಯಗಳಿಗೆ ಒಯ್ಯುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆದಿದೆ. ಹೆವಿ ಲೈಸೆನ್ಸ್ ಮಾಡಿಸುವಾಗ ನಾನು ಭತ್ತ ಒಣಗಿಸುವ ಬಯಲಿನಲ್ಲಿ ಅವರ ಹತ್ತಿರ ಕಲಿತೆ. ಮೊದಲ ದಿನ ಅವರು ಹೊಟ್ಟು ತುಂಬಿದ ಒಂದು ಗೋಣಿಚೀಲವನ್ನು ತಂದು ಲಾರಿಯ ಬಲಕ್ಕೆ, ಹಿಂದಿನ ಮೂಲೆಯಿಂದ ಎರಡು ಅಡಿ ದೂರದಲ್ಲಿ ನಿಲ್ಲಿಸಿದರು. “ಎಡಕ್ಕೆ ಪೂರ್ತಿ ತಿರುಗಿಸಿ ಹೊರಡು” ಎಂದರು. ನಾನು ಮುಂದೆ ನೋಡಿದೆ, ಎಡಗನ್ನಡಿ ನೋಡಿದೆ, ಹೊರಟೆ. ಮುಂದಿನ ಭಾಗ ಚೆನ್ನಾಗಿಯೇ ತಿರುಗಿತು. ಮಾವ ಕೈ ಎತ್ತಿದರು. ಇಳಿದು ನೋಡಿದರೆ ಚೀಲ ಹರಿದು ಹೊಟ್ಟು ಬಯಲೆಲ್ಲ ಚೆಲ್ಲಿತ್ತು. ಹಿಂದಿನ ಚಕ್ರದ ಆಚೆಗೆ ಚಾಚಿಕೊಂಡಿರುವ ಬಾಲ, ಗಾಡಿ ಎಡಕ್ಕೆ ಹೊರಳಿದಾಗ ಬಲಕ್ಕೆ ಬೀಸುತ್ತದೆ. ಕಾರಿನಲ್ಲಿ ಆ ಬಾಲವೇ ಇಲ್ಲದಷ್ಟು ಚಿಕ್ಕದು, ಆದ್ದರಿಂದ ಕಾರಿನ ಕಣ್ಣಿಗೆ ಅದು ಕಾಣುವುದಿಲ್ಲ. ಮಾವ ಪೊರಕೆ ಕೊಟ್ಟು, ಹೊಟ್ಟನ್ನೆಲ್ಲ ಗುಡಿಸಿ ಹೊಸ ಚೀಲಕ್ಕೆ ತುಂಬಿಸಿ, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿದರು. ಹನ್ನೊಂದನೆಯ ಸಲಕ್ಕೆ ಚೀಲ ಉಳಿಯಿತು.

ಎರಡನೆಯ ಪಾಠ ಏರ್ ಬ್ರೇಕ್. ಎಂಜಿನ್ ಚಾಲೂ ಮಾಡಿದ ಕೂಡಲೇ ಹೊರಡುವಂತಿಲ್ಲ, ಗಾಳಿಯ ಮುಳ್ಳು ಮೇಲೇರುವವರೆಗೆ ಕಾಯಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ, ಆದ್ದರಿಂದ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು. ನಮ್ಮ ಗಂಗಾವತಿ, ಸಿಂಧನೂರು, ರಾಯಚೂರಿನ ಸಪಾಟು ರಸ್ತೆಯಲ್ಲಿ ಇದು ನೆನಪಿಗೆ ಬರುವುದಿಲ್ಲ. ನಲ್ಲಮಲ ಕಾಡಿನ ಘಾಟಿಯಲ್ಲಿ ಶ್ರೀಶೈಲದ ಕಡೆಗೆ ಇಳಿಯುವಾಗ ನೆನಪಾದರೆ ತಡವಾಗಿರುತ್ತದೆ. ಜೊತೆಗೆ ಮನೆಗಾಡಿಯಲ್ಲಿ ಲಾರಿಯಲ್ಲಿಲ್ಲದ ಒಂದು ಕಷ್ಟವೂ ಇದೆ. ಅರ್ಧ ಖಾಲಿಯಾದ ನೀರಿನ ಟ್ಯಾಂಕ್ ಬ್ರೇಕ್ ಹಾಕಿದಾಗ ಒಳಗೇ ಅಲೆಯಾಗಿ ಮುಂದಕ್ಕೆ ನುಗ್ಗುತ್ತದೆ. ಅದನ್ನು ಚಾವಣಿಯ ಮೇಲೆ ಇಟ್ಟರೆ ತಿರುವಿನಲ್ಲಿ ಗಾಡಿಯನ್ನೇ ವಾಲಿಸುತ್ತದೆ.

ಹೆವಿ ಲೈಸೆನ್ಸಿಗೆ ಕಾಗದದ ದಾರಿ ಇಷ್ಟು. ಸಾರಿಗೆ ವರ್ಗದ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಅರ್ಜಿ ಹಾಕಲು ಎಲ್‌ಎಂವಿ ಲೈಸೆನ್ಸ್ ಸಿಕ್ಕು ಕನಿಷ್ಠ ಒಂದು ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ವೈದ್ಯರ ಪ್ರಮಾಣಪತ್ರ ಫಾರಂ 1ಎ ಬೇಕು. ಚಾಲನಾ ಶಾಲೆಯ ಪ್ರಮಾಣಪತ್ರ ಫಾರಂ 5 ಬೇಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, ಅದು ಸಿಕ್ಕ 30 ದಿನದ ನಂತರ ಚಾಲನಾ ಪರೀಕ್ಷೆ. ಪಾಸಾದರೆ ಆ ವರ್ಗಕ್ಕೆ 5 ವರ್ಷದ ಅವಧಿ, ಆಮೇಲೆ ನವೀಕರಣ.

ಆ ಫಾರಂ 5ರ ಬಗ್ಗೆ ನನಗೆ ಸಿಟ್ಟಿದೆ. ನಿಯಮದ ಪ್ರಕಾರ ದೊಡ್ಡ ಗಾಡಿಯ ತರಬೇತಿ 30 ದಿನಕ್ಕೆ ಕಡಿಮೆಯಾಗಬಾರದು, ಅದರಲ್ಲಿ 15 ತಾಸಾದರೂ ನಿಜವಾಗಿ ಗಾಡಿ ಓಡಿಸಿರಬೇಕು. ನಾನು ಹೋಗಿ ವಿಚಾರಿಸಿದ ಒಂದು ಶಾಲೆಯಲ್ಲಿ, ಹೆಸರು ಬೇಡ, “ಸಹಿ ಹಾಕಿ ಹೋಗಿ, ಪರೀಕ್ಷೆಯ ದಿನ ಬನ್ನಿ, ನಡುವೆ ಬರುವ ಅಗತ್ಯವಿಲ್ಲ” ಎಂದರು. ಅದನ್ನು ಉಪಕಾರ ಎಂಬಂತೆ ಹೇಳಿದರು. ನಾನು ದುಡ್ಡು ಕೊಡುವುದು ಆ 15 ತಾಸಿಗೆ. ಅದನ್ನೇ ಕದ್ದು, ಖಾಲಿ ಕಾಗದವನ್ನು ಕೈಗಿತ್ತು ಕಳುಹಿಸುವುದು ಯಾವ ಉಪಕಾರ? ನಾನು ಎದ್ದು ಬಂದು ಬೇರೆ ಶಾಲೆ ಸೇರಿದೆ. ನೀವೂ ಸೇರುವ ಮೊದಲು ದೊಡ್ಡ ಗಾಡಿ ಎಲ್ಲಿ ನಿಂತಿದೆ ತೋರಿಸಿ ಎಂದು ಕೇಳಿ. ತೋರಿಸಲಾಗದಿದ್ದರೆ ಅಲ್ಲಿಂದ ಹೊರಡಿ.

ಇನ್ನು ನನ್ನ ದೂರು ಕಾಯ್ದೆಯ ಮೇಲೆಯೇ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರ ಸಾರಿಗೆಯೇತರ ವಾಹನಗಳ ಪಟ್ಟಿಗೆ ಸೇರಿಸಿದೆ. ಲೈಸೆನ್ಸಿನ ವರ್ಗಗಳನ್ನು ಪಟ್ಟಿ ಮಾಡುವ 10ನೇ ಸೆಕ್ಷನ್ನಿನಲ್ಲಿ ಎಲ್‌ಎಂವಿ ಇದೆ, ಸಾರಿಗೆ ವಾಹನ ಇದೆ, ರೋಡ್ ರೋಲರ್ ಕೂಡ ಇದೆ. ಭಾರವೂ ಆಗಿದ್ದು ಖಾಸಗಿಯೂ ಆಗಿರುವ ಮನೆಗಾಡಿಗೆ ಅಲ್ಲಿ ತನ್ನದೇ ಒಂದು ಹೆಸರಿಲ್ಲ. ‘ನಿರ್ದಿಷ್ಟ ವಿವರಣೆಯ ಮೋಟಾರು ವಾಹನ’ ಎಂಬ ಕೊನೆಯ ಸಾಲಿಗೆ ಜೋತುಬೀಳಬೇಕು. ಆದ್ದರಿಂದ ಇಂಥ ಗಾಡಿ ಕೊಳ್ಳುವವರು ಆರ್‌ಸಿಯ ನಕಲು ಲಗತ್ತಿಸಿ, ಇದಕ್ಕೆ ಯಾವ ವರ್ಗ ನಮೂದಿಸಿಕೊಡುತ್ತೀರಿ ಎಂದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲೇ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ದಾಟಿ 45 ಅಡಿಯವರೆಗಿನ ಮನೆಗಾಡಿಗೆ ವಾಣಿಜ್ಯೇತರ ಬಿ ವರ್ಗ ಎಂಬ ಬೇರೆಯದೇ ಲೈಸೆನ್ಸ್ ಇದೆ. ಬ್ರಿಟನ್ನಿನಲ್ಲಿ 1997ರ ಜನವರಿ 1ರಿಂದ ಈಚೆಗೆ ಕಾರಿನ ಪರೀಕ್ಷೆ ಪಾಸಾದವರಿಗೆ 3500 ಕೆ.ಜಿ.ಯೇ ಗಡಿ ಎಂದು ಮಾಡಿದರು, ಅಲ್ಲಿಂದ 7500ರವರೆಗೆ ಸಿ1 ಎಂಬ ಇನ್ನೊಂದು ಪರೀಕ್ಷೆ. ನಮ್ಮಲ್ಲೂ ಖಾಸಗಿ ಭಾರಿ ವಾಹನಕ್ಕೆಂದೇ ಒಂದು ವರ್ಗ, ಅದಕ್ಕೆ ತಕ್ಕ ಗಾಡಿಯಲ್ಲೇ ಪರೀಕ್ಷೆ ಬರಬೇಕು. ಇದನ್ನು ನಾನು ಬಿಡದೆ ಕೇಳುತ್ತೇನೆ.

ಹೊಂದದ ಲೈಸೆನ್ಸಿನಲ್ಲಿ ಓಡಿಸಿ ಸಿಕ್ಕಿಬಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು ಎಂದು ಕಾಯ್ದೆ ಹೇಳುತ್ತದೆ. ಕೀಲಿ ಕೊಟ್ಟ ಮಾಲೀಕನಿಗೂ ಅಷ್ಟೇ. ದಂಡ ಕಟ್ಟಿ ಮರೆಯಬಹುದು. ಮರೆಯಲಾಗದ್ದು ವಿಮೆಯ ಸಂಗತಿ. ಗಾಯಾಳುವಿಗೆ ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಆದೇಶವಾದ ಪ್ರಕರಣಗಳು ಬೇಕಾದಷ್ಟಿವೆ. ಮೇಷ್ಟ್ರ ಪಿಂಚಣಿಯಿಂದ ತೀರುವ ಮೊತ್ತ ಅದಲ್ಲ.

ಭಾವ ಆ ಬಸ್ಸನ್ನು ಕೊಳ್ಳಲಿಲ್ಲ. ಅಜ್ಜಿ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ಈಗ ಭಾವ ಟೆಂಪೊ ಟ್ರಾವೆಲರ್ ಅಳತೆಯ, ಒಟ್ಟು ತೂಕ 7500ರ ಒಳಗೇ ಇರುವ, ಕಾಗದದಲ್ಲೂ ಕ್ಯಾಂಪರ್ ವ್ಯಾನ್ ಎಂದೇ ಇರುವ ಗಾಡಿ ಹುಡುಕುತ್ತಿದ್ದಾರೆ. ಅದಕ್ಕೆ ಅವರ ಲೈಸೆನ್ಸ್ ಸಾಕು. ಆದರೂ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಭತ್ತದ ಬಯಲಿಗೆ ಬರಬೇಕೆಂದು ಸೋದರಮಾವ ಹೇಳಿ ಕಳುಹಿಸಿದ್ದಾರೆ. ಗೋಣಿಚೀಲವನ್ನು ನಾನು ನಿನ್ನೆಯೇ ತುಂಬಿಟ್ಟಿದ್ದೇನೆ.